ಒಂದನೇ ತರಗತಿಗೆ ಬಂದ ಅತ್ತೆ

ಅವ್ವ ನಿವೃತ್ತಿಯಾದ ಮೇಲೂ ಒಂದು ತಿಂಗಳು ಬೆಳಗಾಗುವ ಮುಂಚೆ ಎದ್ದು, ಇಸ್ತ್ರಿ ಪೆಟ್ಟಿಗೆಗೆ ಕೆಂಡ ತುಂಬಿ, ತನ್ನ ನೀಲಿ ಲಂಗಕ್ಕೆ ಇಸ್ತ್ರಿ ಹಾಕುತ್ತಿದ್ದಳು. ಮಡಿಕೆ ನೆಟ್ಟಗೆ ಕೂತ ಮೇಲೆ, ತಾನೀಗ ಎಲ್ಲಿಗೂ ಹೋಗಬೇಕಾಗಿಲ್ಲ ಎಂಬುದು ನೆನಪಾಗುತ್ತಿತ್ತು. ಲಂಗವನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟು ಕೋಳಿಗಳಿಗೆ ಕಾಳು ಚೆಲ್ಲಲು ಹೊರಗೆ ಬರುತ್ತಿದ್ದಳು. ಇಪ್ಪತ್ತು ಹೆಜ್ಜೆ ಆಚೆಗಿನ ನನ್ನ ಮನೆಯ ಬಾಗಿಲಲ್ಲಿ ನಿಂತು ನಾನು ನೋಡುತ್ತಿದ್ದೆ. ನೋಡಿದೆನೆಂದು ಅವಳಿಗೆ ಗೊತ್ತಾಗದಂತೆ ಒಳಗೆ ಸರಿಯುತ್ತಿದ್ದೆ.

ಮೂವತ್ತೇಳು ವರ್ಷ ಅವಳು ಚಿಸೋಂಬ ಶಾಲೆಯಲ್ಲಿ ಒಂದನೇ ತರಗತಿಗೆ ಮಾತ್ರ ಕಲಿಸಿದವಳು. ಮೇಲಿನ ತರಗತಿ ಕೊಡುತ್ತೇವೆಂದರೂ ಬೇಡವೆನ್ನುತ್ತಿದ್ದಳಂತೆ. ಚಿಲ್ವಾ ಸರೋವರದಲ್ಲಿ ಬಲೆ ಬೀಸುವವರಿಂದ ಹಿಡಿದು ಚರ್ಚಿನಲ್ಲಿ ನಿಂತು ವೇದವಾಕ್ಯ ಓದುವ ಹಿರಿಯರವರೆಗೆ, ನಮ್ಮೂರಲ್ಲಿ ಅಕ್ಷರ ಬಲ್ಲವರ ಕೈಹಿಡಿದು ಮೊದಲ ಗೆರೆ ಎಳೆಸಿದವಳು ಅವಳೇ. ಎನಿಫಾ ಎಂಬ ಹೆಸರು ಊರಿಗೆ ಮರೆತೇ ಹೋಗಿತ್ತು. ಎಲ್ಲರಿಗೂ ಅವಳು ಮೇಡಂ.

ಅವಳು ಮತ್ತೆ ಶಾಲೆಗೆ ಹೋದ ಕತೆಯನ್ನು ನಮ್ಮ ಮಹಿಳಾ ಸಂಘದವರು ಆಗಾಗ ನನ್ನ ಬಾಯಿಂದ ಕೇಳುತ್ತಾರೆ. ಹೇಳುವ ಮೊದಲು ಅವ್ವನಿಗೂ ನನ್ನ ಗಂಡನಿಗೂ ನಡುವೆ ಇದ್ದ ಮರ್ಯಾದೆಯ ವಿಷಯ ಹೇಳಿಬಿಡಬೇಕು.

ನಮ್ಮಲ್ಲಿ ಗಂಡು ಹೆಣ್ಣಿನ ಊರಿಗೆ ಬಂದು ಮನೆ ಕಟ್ಟುತ್ತಾನೆ. ನಮ್ಮವರು, ವೈಸನ್ ಮತೆವೆರೆ, ಡೆಡ್ಜಾ ಕಡೆಯ ಬೆಟ್ಟದ ಸೀಮೆಯಿಂದ ಹೊಳೆಯಾಚೆಯ ಶಾಲೆಗೆ ಮೇಷ್ಟ್ರಾಗಿ ಬಂದವರು, ನನ್ನನ್ನು ಮದುವೆಯಾಗಿ ಅವ್ವನ ಅಂಗಳದಲ್ಲೇ ಮನೆ ಕಟ್ಟಿದರು. ಅಳಿಯನಾದವನು ಅತ್ತೆಯ ಹೊಲ ಅಗೆಯಬೇಕು, ಕಣಜ ಹೆಣೆಯಬೇಕು, ಮಾಡಿಗೆ ಹುಲ್ಲು ಹೊದಿಸಬೇಕು. ಆದರೆ ಅತ್ತೆಯ ಮುಖ ನೋಡಬಾರದು. ಅವಳೊಡನೆ ಮಾತಾಡಬಾರದು. ಅವಳ ಹೊಸಿಲು ದಾಟಬಾರದು, ಅವಳ ಕಣ್ಣೆದುರು ತುತ್ತು ಎತ್ತಬಾರದು. ದಾರಿಯಲ್ಲಿ ಎದುರಾದರೆ ಅವನು ಹಾದಿ ಬಿಟ್ಟು ಬೆನ್ನು ತಿರುಗಿಸಿ ನಿಲ್ಲುತ್ತಾನೆ, ಅವಳು ಮೈಗೆ ಸುತ್ತಿದ ಚಿತೆಂಜೆ ಬಟ್ಟೆಯನ್ನು ತಲೆಗೆಳೆದು ದಾಟುತ್ತಾಳೆ. ಇದರಲ್ಲಿ ಮುನಿಸೇನೂ ಇಲ್ಲ. ಮಗಳನ್ನು ಕೊಟ್ಟವಳು ದೊಡ್ಡವಳು. ದೊಡ್ಡದರ ಮುಂದೆ ಕಣ್ಣು ತಗ್ಗಿಸುವುದು ಸಹಜ.

ಒಮ್ಮೆ ಭತ್ತದ ಗದ್ದೆಯ ಬದುವಿನ ಮೇಲೆ ಇಬ್ಬರೂ ಎದುರುಬದುರಾದರು. ಭಾನುವಾರ. ನಮ್ಮವರು ಕೋಟು ತೊಟ್ಟು ಚರ್ಚಿಗೆ ಹೊರಟಿದ್ದರು. ಬದು ಒಂದೇ ಕಾಲಿನಗಲ. ಅವರು ಹಿಂದೆಮುಂದೆ ನೋಡದೆ ಮೊಣಕಾಲುದ್ದದ ಕೆಸರಿಗೆ ಇಳಿದು ಬೆನ್ನು ತಿರುಗಿಸಿ ನಿಂತರು. ಅವ್ವ ಮೆಲ್ಲಗೆ ದಾಟಿಹೋದಳು. ಅವರು ಮೇಲೆ ಹತ್ತಿದಾಗ ಬದುವಿನ ಮೇಲೆ ಒಂದು ಹಣ್ಣಾದ ಮಾವು ಇತ್ತಂತೆ, ತೊಟ್ಟು ಮುರಿಯದೆ, ಬಿದ್ದದ್ದಲ್ಲ, ಇಟ್ಟದ್ದು. ಅದನ್ನು ನನಗೆ ತಂದು ಕೊಟ್ಟು, "ನಿಮ್ಮವ್ವ ಇವತ್ತು ನನ್ ಹತ್ರ ಮಾತಾಡಿದ್ರು" ಅಂದರು.

ಈ ಬೇಲಿಗೂ ಒಂದು ಬಾಗಿಲಿದೆ. ಅಳಿಯ ಒಂದು ಮಗುವನ್ನು ಕೈಯಾರೆ ತಂದು ಅತ್ತೆಯ ಮಡಿಲಿಗೆ ಹಾಕಿದರೆ ಅಂದಿನಿಂದ ಮಾತು ತೆರೆಯುತ್ತದೆ. ಇಬ್ಬರೂ ಒಂದು ಚಾಪೆಯ ಮೇಲೆ ಕೂರಬಹುದು. ಎಲ್ಲರಿಗೂ ಮದುವೆಯಾದ ವರ್ಷವೋ ಮರುವರ್ಷವೋ ಆ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ. ಈ ಕತೆ ನಡೆಯುವ ಹೊತ್ತಿಗೆ ನಮಗೆ ಮದುವೆಯಾಗಿ ಹನ್ನೊಂದು ವರ್ಷವಾಗಿತ್ತು. ದೇವರು ಮಗು ಕೊಟ್ಟಿರಲಿಲ್ಲ. ಅವನ ಲೆಕ್ಕ ಅವನಿಗೆ ಗೊತ್ತು ಎಂದುಕೊಂಡು ನಾನು ಶಾಲೆಯ ಗಂಜಿ ಕಾಯಿಸುವ ಕೆಲಸಕ್ಕೆ ಸೇರಿದೆ. ದೊಡ್ಡ ಹಂಡೆಯಲ್ಲಿ ಜೋಳದ ಗಂಜಿ ತಿರುವುತ್ತಾ, ಬಟ್ಟಲು ಹಿಡಿದು ಬರುವ ಮಕ್ಕಳಿಗೆ ಬಡಿಸುತ್ತಾ ನನ್ನ ಬೆಳಗುಗಳು ಕಳೆಯುತ್ತಿದ್ದವು.

ಅವ್ವ ನಿವೃತ್ತಳಾಗಿ ಮನೆಯಲ್ಲಿ ಕೂತು ನಾಲ್ಕು ವರ್ಷವಾದ ಮೇಲೆ ನಮ್ಮವರು ಚಿಸೋಂಬ ಶಾಲೆಗೆ ಮುಖ್ಯೋಪಾಧ್ಯಾಯರಾಗಿ ಬಂದರು. ಮತ್ತೆರಡು ವರ್ಷಕ್ಕೆ ಒಂದನೇ ತರಗತಿಯ ಟೀಚರು ವರ್ಗವಾಗಿ ಪಟ್ಟಣಕ್ಕೆ ಹೋದರು. ಎಂಟು ತರಗತಿಗೆ ಐದು ಜನ ಉಳಿದರು. ಒಂದನೇ ತರಗತಿಯ ನೂರ ಎಂಬತ್ತಮೂರು ಮಕ್ಕಳು ಮಾವಿನ ಮರದ ಕೆಳಗೆ ಕೂತು ಒಬ್ಬರ ತಲೆಯ ಹೇನು ಒಬ್ಬರು ಹೆಕ್ಕುತ್ತಾ ಗಂಜಿಯ ಹೊತ್ತಿಗೆ ಕಾಯುತ್ತಿದ್ದವು. ಗಂಜಿ ಕುಡಿದು ಮನೆಗೆ ಹೋಗುತ್ತಿದ್ದವು. ಕೆಲವು ಮಾರನೆಯ ದಿನ ಬರುತ್ತಿರಲಿಲ್ಲ.

ಸೆಪ್ಟೆಂಬರಿನಲ್ಲಿ ಜಿಲ್ಲೆಯಿಂದ ಕಾಗದ ಬಂತು. ನಿವೃತ್ತರಾದ ಶಿಕ್ಷಕರು ಎಪ್ಪತ್ತರ ಒಳಗಿದ್ದು ಗಟ್ಟಿಯಾಗಿದ್ದರೆ ಒಂದು ವರ್ಷದ ಮಟ್ಟಿಗೆ ಮತ್ತೆ ಕೆಲಸಕ್ಕೆ ಬರಬಹುದು ಎಂದಿತ್ತು. ನಮ್ಮವರು ಅದನ್ನು ಮೂರು ಸಲ ಓದಿ ಮಡಚಿ ಜೇಬಿಗಿಟ್ಟುಕೊಂಡರು. ಸಂಜೆ ನ್ಸಿಮ ಮುದ್ದೆಯನ್ನು ಕೈಯಲ್ಲಿ ಹಿಡಿದು ತಿನ್ನದೆ ಕೂತಿದ್ದರು. ನಡೆದು ಬರುವಷ್ಟು ದೂರದಲ್ಲಿ ನಿವೃತ್ತ ಟೀಚರು ಎಂದರೆ ಇಡೀ ಸೀಮೆಗೆ ಒಬ್ಬಳೇ. ಅವಳು ಇಪ್ಪತ್ತು ಹೆಜ್ಜೆ ಆಚೆ ಕೋಳಿಗಳನ್ನು ಗೂಡಿಗೆ ಕೂಡುತ್ತಿದ್ದಳು.

"ನಾನ್ ಹೋಗಿ ಕೇಳ್ಲಾ?" ಅಂದೆ.

"ಬೇಡ. ಮಗಳು ಕೇಳಿದ್ರೆ ಮನೆ ಮಾತಾಗುತ್ತೆ. ಇದು ಶಾಲೆ ಮಾತು. ಕ್ರಮವಾಗಿ ಹೋಗ್ಬೇಕು."

ಕ್ರಮವೆಂದರೆ ಅವ್ವನ ತಮ್ಮ ಮ್ಯಾಕ್ಸನ್ ಮಾವನ ಮೂಲಕ. ನಮ್ಮ ಮದುವೆಯ ಮಾತುಕತೆ ನಡೆಸಿದವನು ಅವನೇ. ನಮ್ಮವರು ಒಂದು ಹುಂಜ ಹಿಡಿದುಕೊಂಡು ಅವನ ಮನೆಗೆ ಹೋದರು. ಮಾವ ಕಾಗದವನ್ನು ಓದಿಸಿಕೇಳಿ, ಹುಂಜದ ತೊಡೆ ಒತ್ತಿ ನೋಡಿ, ನಕ್ಕನಂತೆ. ಮರುದಿನ ಕೋಟು ಹಾಕಿಕೊಂಡು ಬಂದು ಅವ್ವನ ಅಂಗಳದಲ್ಲಿ ಚಾಪೆ ಹಾಸಿಸಿಕೊಂಡು ಕೂತ.

"ಅಕ್ಕ, ಹನ್ನೊಂದು ವರ್ಷದ ಕೆಳಗೆ ಈ ಮನುಷ್ಯ ಒಂದು ಹುಂಜ ತಂದು ಮಗಳನ್ನ ಕೇಳ್ದ. ಕೊಟ್ವಿ. ಈಗ ಇನ್ನೊಂದು ಹುಂಜ ತಂದು ತಾಯಿನೂ ಬೇಕು ಅಂತಾನೆ. ಹೀಗೇ ಬಿಟ್ರೆ ನಾಳೆ ನನ್ನೂ ಕೇಳ್ತಾನೆ."

ಅವ್ವ ನಗಲಿಲ್ಲ. ಕಾಗದ ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದು ಓದಿದಳು. ಆಮೇಲೆ ಅದನ್ನು ಮಡಿಲಲ್ಲಿಟ್ಟು ಶಾಲೆಯ ಮಾವಿನ ಮರದ ದಿಕ್ಕಿಗೆ ನೋಡಿದಳು. ಶಾಲೆ ಅಲ್ಲಿಂದ ಕಾಣುವುದಿಲ್ಲ, ಮಕ್ಕಳ ಗದ್ದಲ ಮಾತ್ರ ಕೇಳುತ್ತದೆ.

"ಅವರು ಸಾಹೇಬರು, ನಾನು ಕೈಕೆಳಗಿನವಳು. ನಾನು ಅತ್ತೆ, ಅವರು ಅಳಿಯ. ಹೆಂಗೋ ಇದು?" ಅಂದಳು.

"ಹೆಂಗೋ ಅಂತ ನನಗೂ ಗೊತ್ತಿಲ್ಲ," ಅಂದ ಮಾವ. "ನಂಗ್ ಗೊತ್ತಿರೋದು ಆ ಹುಂಜ ಈಗ ಬೆಂದು ಹೋಗಿದೆ ಅಂತ."

ಮರುದಿನ ಬೆಳಗಾಗುವ ಮುಂಚೆ ಅವ್ವನ ಮನೆಯಿಂದ ಕೆಂಡದ ವಾಸನೆ ಬಂತು. ಮಡಚಿಟ್ಟ ಲಂಗವನ್ನು ಈ ಸಲ ಅವಳು ಉಟ್ಟಳು.

ಆಮೇಲಿನ ಮೂರು ತಿಂಗಳು ನಮ್ಮ ಶಾಲೆ ನಡೆದ ರೀತಿಯನ್ನು ನೆನೆದರೆ ಈಗಲೂ ನಗು ಬರುತ್ತದೆ. ಬೆಳಗಿನ ಪ್ರಾರ್ಥನೆಗೆ ನಮ್ಮವರು ಮುಂದೆ ನಿಂತರೆ ಅವ್ವ ಎಲ್ಲ ಮಕ್ಕಳ ಹಿಂದೆ ಬೆನ್ನು ಹಾಕಿ ನಿಂತು ಪ್ರಾರ್ಥಿಸುತ್ತಿದ್ದಳು. ದೇವರು ಎರಡೂ ಕಡೆ ಇದ್ದಾನೆ, ಯಾವ ದಿಕ್ಕಾದರೇನು ಎನ್ನುತ್ತಿದ್ದಳು. ಹಾಜರಿ ಪುಸ್ತಕ ನನ್ನ ಕೈಯಿಂದ ಹೋಗುತ್ತಿತ್ತು, ಗಂಜಿಯ ಕಲೆ ಹತ್ತಿಸಿಕೊಂಡು. ಟೀಚರುಗಳ ಸಭೆಯಿದ್ದಾಗ ಅವ್ವ ಒಳಗೆ ಬರದೆ ಜಗುಲಿಯ ಮೇಲೆ, ಕಿಟಕಿಯ ಕೆಳಗೆ, ಗೋಡೆಗೆ ಒರಗಿ ಕೂರುತ್ತಿದ್ದಳು. ನಮ್ಮವರು ಒಳಗಿನಿಂದ ಗೋಡೆಗೆ ಹೇಳುತ್ತಿದ್ದರು.

"ಗೋಡೆಯೇ, ಒಂದನೇ ತರಗತಿಯವರಿಗೆ ಸ್ಲೇಟು ಎಷ್ಟು ಬೇಕು ಅಂತ ಗೊತ್ತಾಗ್ಲಿಲ್ಲ."

ಅವ್ವ ಅಂಗಳದಲ್ಲಿ ಕೆದಕುತ್ತಿದ್ದ ಕೋಳಿಗೆ ಹೇಳುತ್ತಿದ್ದಳು. "ಕೋಳಿಯೇ, ಸ್ಲೇಟು ಬೇಡ. ನೆಲ ಇದೆ, ಕಡ್ಡಿ ಇದೆ. ಬಳಪ ಮಾತ್ರ ಎರಡು ಡಬ್ಬ ಕಳಿಸ್ಲಿ."

ಒಮ್ಮೆ ಕೋಳಿ ಇರಲಿಲ್ಲ. ಅವ್ವ ಸುತ್ತ ನೋಡಿ ಕೊನೆಗೆ ತನ್ನ ಚಪ್ಪಲಿಗೆ ಉತ್ತರ ಹೇಳಿದಳು. ಒಳಗಿದ್ದ ಟೀಚರುಗಳೆಲ್ಲ ಬಾಯಿಗೆ ಕೈ ಅಡ್ಡ ಹಿಡಿದರು. ನಮ್ಮವರು ಮಾತ್ರ ಗಂಭೀರವಾಗಿ ಗೋಡೆಗೆ ತಲೆದೂಗಿದರು.

ಮಕ್ಕಳು ಬರತೊಡಗಿದವು. ಬಿಟ್ಟುಹೋಗಿದ್ದವೂ ಬಂದವು. ಅವ್ವ ಹಾಜರಿ ಕರೆಯುತ್ತಿದ್ದದ್ದು ಪುಸ್ತಕ ನೋಡಿ ಅಲ್ಲ. ಮಗುವಿನ ಗಲ್ಲ ಹಿಡಿದೆತ್ತಿ, ನೀನು ಲೋಫಿನಾಳ ಮಗಳ ಮಗಳು, ನಿಮ್ಮಜ್ಜಿಗೂ ಹೀಗೇ ಮೂಗು ಸೋರ್ತಿತ್ತು, ಆದರೂ ಐದರ ಮಗ್ಗಿ ತಪ್ಪುತ್ತಿರಲಿಲ್ಲ ಎನ್ನುತ್ತಿದ್ದಳು. ಮಗು ಮೂಗು ಒರೆಸಿಕೊಂಡು ನೆಟ್ಟಗೆ ಕೂರುತ್ತಿತ್ತು. ಎಣಿಕೆಗೆ ಅವಳು ಜೋಳದ ಕಾಳು ಬಳಸುತ್ತಿರಲಿಲ್ಲ. ಕಣಜ ಬರಿದಾಗುವ ತಿಂಗಳಲ್ಲಿ ಕಾಳು ಕೊಟ್ಟರೆ ಲೆಕ್ಕ ಹೊಟ್ಟೆಗೆ ಹೋಗುತ್ತದೆಂದು ಅವಳಿಗೆ ಗೊತ್ತಿತ್ತು. ಮಾವಿನ ವಾಟೆಗಳನ್ನು ತೊಳೆದು ಒಣಗಿಸಿ ಗೋಣಿಯಲ್ಲಿ ತುಂಬಿಟ್ಟಿದ್ದಳು.

ಅವ್ವನ ನಡಿಗೆಯೇ ಬದಲಾಗಿತ್ತು. ನಾಲ್ಕು ಹೆಜ್ಜೆಗೊಮ್ಮೆ ಸೊಂಟ ಹಿಡಿದು ನಿಲ್ಲುತ್ತಿದ್ದವಳು ಗಂಟೆ ಬಾರಿಸುವ ಮುಂಚೆ ಮರದ ಕೆಳಗೆ ಇರುತ್ತಿದ್ದಳು. ಆ ಸಲ ಮಳೆ ಬೇಗ ಬಂತು. ಅವಳ ಮನೆಯೊಳಗೆ ಮೂಡಲ ಮೂಲೆಯಲ್ಲಿ ಒಂದು ಮಡಕೆ ಇಟ್ಟಿದ್ದಳು. ಯಾಕೆಂದು ಕೇಳಿದರೆ, "ಮಳೆ ನೀರು ತಲೆಗೂದಲಿಗೆ ಒಳ್ಳೇದು" ಎಂದು ಮಾತು ಹಾರಿಸುತ್ತಿದ್ದಳು. ಆ ಮಾಡಿಗೆ ಹುಲ್ಲು ಹೊದಿಸಿದವರು ಅವಳ ಅಳಿಯ, ಅವಳು ಚರ್ಚಿಗೆ ಹೋಗಿದ್ದ ಒಂದು ದಿನ. ನಾನು ಮತ್ತೆ ಕೇಳಲಿಲ್ಲ.

ಡಿಸೆಂಬರಿನಲ್ಲಿ ಎರಡನೆಯ ಕಾಗದ ಬಂತು. ಮರಳಿ ಬಂದ ಶಿಕ್ಷಕರ ಒಂದು ಪಾಠವನ್ನು ಮುಖ್ಯೋಪಾಧ್ಯಾಯರೇ ಮೊದಲಿಂದ ಕೊನೆತನಕ ಕೂತು ನೋಡಬೇಕು. ಆಮೇಲೆ ಇಬ್ಬರೂ ವಲಯದ ಅಧಿಕಾರಿಯ ಎದುರು ಒಟ್ಟಿಗೆ ಕೂತು ಸಹಿ ಹಾಕಬೇಕು. ಸಹಿಯಾಗದಿದ್ದರೆ ಕೆಲಸ ಆ ಅವಧಿಗೇ ಮುಗಿಯಿತು.

ನಮ್ಮವರು ನೋಡದೆಯೇ ನೋಡಿದೆನೆಂದು ಬರೆಯಬಹುದಿತ್ತು. ಬೇರೆ ಶಾಲೆಗಳಲ್ಲಿ ಹಾಗೆ ಬರೆದವರೂ ಇದ್ದರು. ನಾನು ಬಾಯಿಬಿಟ್ಟು ಹೇಳಿಯೂಬಿಟ್ಟೆ. ಅವರು ನನ್ನನ್ನು ಬಯ್ಯಲಿಲ್ಲ. "ನಿಮ್ಮವ್ವನ ಹೆಸರಿನ ಪಕ್ಕ ಸುಳ್ಳು ಬರೀಲಾ, ಫೆಲೆಸ್ಯಾ?" ಎಂದಷ್ಟೇ ಕೇಳಿದರು.

ನನ್ನ ಮನಸ್ಸು ಇಪ್ಪತ್ತು ಹೆಜ್ಜೆಯ ಆ ಅಂಗಳದಲ್ಲಿ ಅತ್ತಿಂದಿತ್ತ ಓಡಾಡಿತು. ಅವ್ವನಿಗೂ ವಿಷಯ ಗೊತ್ತಿತ್ತು. ಒಂದು ಸಂಜೆ ಅವಳ ಬೈಬಲ್ಲಿನ ನಡುವೆ ಒಂದು ಬಳಪದ ತುಂಡು ಕಂಡಿತು. ನಿವೃತ್ತಿಯ ದಿನ ಅವಳು ಮನೆಗೆ ತಂದು ಬೈಬಲ್ಲಿನಲ್ಲಿ ಇಟ್ಟಿದ್ದ ತುಂಡು ಅದು. ಈ ಮೂರು ತಿಂಗಳು ಅದು ಹೊರಗೆ, ಮನೆಯ ಮೇಜಿನ ಮೇಲಿತ್ತು. ಈಗ ಮತ್ತೆ ಒಳಗೆ ಸೇರಿತ್ತು.

ನಾನು ನಮ್ಮೂರ ಯಜಮಾನಿ ಚಿಸೋಂಬ ಅಜ್ಜಿಯ ಹತ್ತಿರ ಹೋದೆ. ಊರಿಗೂ ಅವಳಿಗೂ ಒಂದೇ ಹೆಸರು. ಒಂದು ಕಣ್ಣು ಮಂಜಾಗಿದೆ. ಅವಳು ಜೋಳದ ತೆನೆ ಬಿಡಿಸುತ್ತಾ ಕೇಳಿ, ಮರ ದಪ್ಪ ಇದೆಯಲ್ಲ ಅಂದಳು. ಅಳಿಯ ಕಾಂಡದ ಹಿಂದೆ ಕೂರಲಿ, ಕಿವಿಯಿಂದ ನೋಡಲಿ. ಸಹಿಯ ವಿಚಾರವನ್ನು ಸಹಿಯ ಹೊತ್ತಿಗೆ ನೋಡಿಕೊಳ್ಳೋಣ.

ಪಾಠ ನೋಡುವ ದಿನ ಮೋಡ ಕವಿದಿತ್ತು. ವಲಯದ ಅಧಿಕಾರಿ ಮಿಸ್ ಚಿಸಾಲೆ ಬಾಡಿಗೆಯ ಮೋಟಾರ್ ಸೈಕಲ್ಲಿನಲ್ಲಿ ಬಂದಿಳಿದಳು, ತಂದವನು ಹಾಗೇ ಹಿಂದಿರುಗಿದ. ಪಟ್ಟಣದಲ್ಲೇ ಬೆಳೆದ ಹುಡುಗಿ, ಬಿಳಿ ಬೂಟಿಗೆ ಕೆಸರು ಮೆತ್ತಿಕೊಂಡಿತ್ತು. ಮುಂದೆ ಒಂದು ಕುರ್ಚಿಯಲ್ಲಿ ಅವಳು, ನೆಲದ ಮೇಲೆ ನೂರ ಎಂಬತ್ತಮೂರು ಮಕ್ಕಳು, ಎಲ್ಲದರ ಹಿಂದೆ ಮರ, ಮರದ ಹಿಂದೆ ಮೊಣಕಾಲ ಮೇಲೆ ಕಾಗದವಿಟ್ಟುಕೊಂಡು ನಮ್ಮವರು. ಸಾಹೇಬರು ಕಣ್ಣಾಮುಚ್ಚಾಲೆ ಆಡ್ತಿದಾರಾ ಎಂದು ಮಿಸ್ ಚಿಸಾಲೆ ನನ್ನನ್ನು ಕೇಳಿದಳು. ನಾನು ಗಂಜಿ ತಿರುವುತ್ತಾ ಕಾರಣ ಹೇಳಿದೆ. ಅವಳು ನಗಲು ಹೋಗಿ, ನನ್ನ ಮುಖ ನೋಡಿ, ನಗಲಿಲ್ಲ.

ಅವ್ವ ಗಿಡ್ಡ ಮಣೆಯ ಮೇಲೆ ಕೂತು ಪಾಠ ಶುರುಮಾಡಿದಳು. ಹತ್ತು ವಾಟೆ ಎಣಿಸಿ ಇಟ್ಟಳು. "ಹತ್ತು ಮಾವು ನಮ್ಮಜ್ಜಿ ಹತ್ರ ಇದ್ವು. ಮಂಗ ಬಂತು, ಮೂರು ಹೊತ್ಕೊಂಡ್ ಹೋಯ್ತು. ಅಜ್ಜಿ ಅತ್ಲಾ?" ಅಂದಳು. ಮಕ್ಕಳು ಇಲ್ಲ ಎಂದು ಕೂಗಿದವು. "ಯಾಕೆ ಅಳ್ಲಿಲ್ಲ?" ಒಂದು ಸಣ್ಣ ದನಿ, ಇನ್ನೂ ಏಳು ಇತ್ತು ಮೇಡಂ ಅಂತು. ಮಿಸ್ ಚಿಸಾಲೆ ಬರೆದುಕೊಳ್ಳುವುದನ್ನು ನಿಲ್ಲಿಸಿ ಕೇಳುತ್ತಾ ಕೂತಳು.

ಕೊನೆಯ ಸಾಲಿನಲ್ಲಿ, ಮರದ ಬುಡಕ್ಕೆ ಅಂಟಿಕೊಂಡಂತೆ, ತಿಯಮಿಕೆ ಎಂಬ ಆರು ವರ್ಷದ ಹುಡುಗಿ ಕೂತಿದ್ದಳು. ಗದ್ದೆಗಳಾಚೆ ಅಜ್ಜಿಯ ಜೊತೆಗಿರುವ ಮಗು. ದೇವರಿಗೆ ಕೃತಜ್ಞರಾಗಿರೋಣ ಎಂಬುದು ಆ ಹೆಸರಿನ ಅರ್ಥ. ಬೆಳಿಗ್ಗೆಯಿಂದ ಅವಳು ಮಂಕಾಗಿದ್ದದ್ದನ್ನು ನಾನು ಗಮನಿಸಿದ್ದೆ, ಹಸಿವೆಂದುಕೊಂಡಿದ್ದೆ. ಅವಳು ವಾಟೆಯೊಂದನ್ನು ಕೈಯಲ್ಲಿ ಹಿಡಿದುಕೊಂಡೇ ಪಕ್ಕಕ್ಕೆ ವಾಲಿದಳು. ತಲೆ ಬೇರಿಗೆ ತಾಗಿತು. ಮೈ ಸೆಟೆದು ಕೈಕಾಲು ಅದುರತೊಡಗಿದವು.

ಎಲ್ಲರಿಗಿಂತ ಮೊದಲು ನೋಡಿದವರು ಮರದ ಹಿಂದಿದ್ದ ನಮ್ಮವರು. ಕಾಗದ ಎತ್ತಲೋ ಹೋಯಿತು. ಮಗುವನ್ನು ಬಾಚಿ ಎತ್ತಿಕೊಂಡು, ಸಾಲುಸಾಲು ಮಕ್ಕಳನ್ನು ದಾಟಿ, ನೆಟ್ಟಗೆ ಅವ್ವನ ಮುಂದೆ ಹೋಗಿ ಮಂಡಿಯೂರಿ ಅವಳ ಮಡಿಲಲ್ಲಿ ಮಲಗಿಸಿದರು.

"ಅವ್ವಾ, ನೋಡಿ ಇವಳನ್ನ. ಮೈ ಸುಡ್ತಾ ಇದೆ."

ಅವ್ವ ಕೈಯಲ್ಲಿದ್ದ ವಾಟೆಗಳನ್ನು ಬಿಟ್ಟು ಮಗುವನ್ನು ಪಕ್ಕಕ್ಕೆ ಹೊರಳಿಸಿ ಹಿಡಿದಳು. ಹಣೆ ಮುಟ್ಟಿದಳು, ಕತ್ತು ಮುಟ್ಟಿದಳು. ತಲೆ ಎತ್ತಿ ಅಳಿಯನ ಮುಖ ನೋಡಿಯೇ ಹೇಳಿದಳು. "ಸೊಳ್ಳೆ ಜ್ವರ ಅಪ್ಪಾ. ಅಂಗಿ ಬಿಚ್ಚಿ. ನೀರು ತನ್ನಿ, ತಣ್ಣಗಿರೋದು. ಬಾಯಿಗೆ ಏನೂ ಹಾಕ್ಬೇಡಿ."

ಅವರು ನೀರು ತಂದರು. ಅವ್ವ ತನ್ನ ಚಿತೆಂಜೆ ಬಿಚ್ಚಿ ನೀರಲ್ಲದ್ದಿ ಮಗುವಿನ ಎದೆ ಒರೆಸಿದಳು, ಅವರು ಕಾಲು ಒರೆಸಿದರು. ಆ ಕಡೆ ಹಿಡೀರಿ ಎನ್ನುತ್ತಾಳೆ ಅವ್ವ, ಅವರು ಹಿಡಿಯುತ್ತಾರೆ. ಇಬ್ಬರ ತಲೆಯೂ ಒಂದು ಗೇಣು ದೂರದಲ್ಲಿ. ಸುತ್ತ ಗಂಜಿ ಕಾಯಿಸುವ ಹೆಂಗಸರೆಲ್ಲ ಸೌಟು ಹಿಡಿದು ಕಲ್ಲಾಗಿ ನಿಂತಿದ್ದರು. ಆ ಇಬ್ಬರಿಗೆ ಮಾತ್ರ ಏನೂ ನೆನಪಿರಲಿಲ್ಲ. ಅದುರುವುದು ನಿಂತು ಮಗು ಒಮ್ಮೆ ನರಳಿ ಕಣ್ಣು ಬಿಟ್ಟಿತು. ಬೇಗ ಆಸ್ಪತ್ರೆಗೆ ಎಂದಳು ಅವ್ವ. ನಮ್ಮವರು ಸೈಕಲ್ ಹೊರಳಿಸಿದರು, ನಾನು ಹಿಂದೆ ಕೂತೆ. ಅವ್ವ ಮಗುವನ್ನು ಎತ್ತಿ ನನ್ನ ಮಡಿಲಿಗೆ ಹಾಕಿದಳು.

ಆರೋಗ್ಯ ಕೇಂದ್ರ ಮೂರು ಮೈಲಿ. ದಾರಿಯುದ್ದಕ್ಕೂ ಆ ಬಿಸಿ ಮೈಯನ್ನು ಎದೆಗೊತ್ತಿಕೊಂಡು ಕೂತಿದ್ದೆ. ಅವಳ ಹೆಸರೇ ಪ್ರಾರ್ಥನೆಯಾಗಿತ್ತು, ಅದನ್ನೇ ಹೇಳುತ್ತಾ ಹೋದೆ. ದಾದಿ ಬೆರಳು ಚುಚ್ಚಿ ನೋಡಿ ಜ್ವರ ಅದೇ ಎಂದಳು. ಸೂಜಿ ಹಾಕಿದರು. ಮೂರು ಗಂಟೆ ಕಳೆದ ಮೇಲೆ ತಿಯಮಿಕೆ ಕಣ್ಣು ತೆರೆದು, ನನ್ನ ವಾಟೆ ಎಲ್ಲಿ ಎಂದು ಕೇಳಿದಳು. ವಾಟೆ ನಮ್ಮವರ ಜೇಬಿನಲ್ಲಿತ್ತು. ಯಾವಾಗ ಹೆಕ್ಕಿಕೊಂಡರೋ ಅವರಿಗೇ ಗೊತ್ತಿಲ್ಲ.

ಅದನ್ನು ಅವಳ ಕೈಗಿಟ್ಟಾಗಲೇ ಅವರಿಗೆ ಉಳಿದದ್ದೂ ನೆನಪಾಯಿತು. ಬೆಂಚಿನ ಮೇಲೆ ಕುಸಿದು ಕೂತರು.

"ಫೆಲೆಸ್ಯಾ, ನಾನು ಅತ್ತೆಯವರನ್ನ ನೋಡ್ದೆ."

"ಹೂಂ."

"ಮಾತಾಡ್ದೆ."

"ಅವ್ವಾ ಅಂತ ಕರೆದ್ರಿ."

ಅವರು ಮುಖ ಮುಚ್ಚಿಕೊಂಡರು. "ಇನ್ನು ಅತ್ತೆಯವರು ನಮ್ಮ ಶಾಲೇಲಿ ಕೆಲ್ಸ ಮಾಡಲ್ಲ. ನಾನೇ ಅವರ ಮರ್ಯಾದೆ ಕಳ್ದೆ, ಶಾಲೆನೂ ಹೋಯ್ತು," ಎಂದರು. ಹನ್ನೊಂದು ವರ್ಷ ಕೆಸರಿಗಿಳಿದು ನಿಂತ ಮನುಷ್ಯ.

ತಿಯಮಿಕೆಯ ಅಜ್ಜಿ ಆಸ್ಪತ್ರೆಗೆ ಬಂದ ಮೇಲೆ ಮಗುವನ್ನು ಅವಳ ಬಳಿ ಬಿಟ್ಟು ನಾವು ಹಿಂದಿರುಗಿದೆವು. ಮಾವಿನ ಮರದ ಕೆಳಗೆ ಊರೇ ಕೂತಿತ್ತು. ಮೊದಲು ಮಗುವಿನ ಸುದ್ದಿ ಕೇಳಿದರು. ಉಳಿದಿದೆ ಎಂದ ಮೇಲೆ ಎಲ್ಲರೂ ಉಸಿರು ಬಿಟ್ಟರು. ಅವ್ವ ಹೆಂಗಸರ ನಡುವೆ, ಇನ್ನೊಬ್ಬರ ಬಟ್ಟೆ ತಲೆಗೆಳೆದು ಕೂತಿದ್ದಳು. ಅವಳದು ನೆಂದಿತ್ತು, ಮರದ ಕೊಂಬೆಗೆ ಒಣಹಾಕಿದ್ದರು. ನಮ್ಮವರು ದೂರದಲ್ಲೇ ನೆಲಕ್ಕೆ ಕೂತು ತಲೆ ತಗ್ಗಿಸಿದರು. ಮಿಸ್ ಚಿಸಾಲೆ ಸಹಿಯ ಕಾಗದ ಹಿಡಿದು ಯಾರನ್ನು ಕೇಳುವುದೆಂದು ತಿಳಿಯದೆ ನಿಂತಿದ್ದಳು.

ಮ್ಯಾಕ್ಸನ್ ಮಾವ ಎದ್ದ. "ಮದುವೆ ಮಾಡ್ಸಿದೋನು ನಾನು, ಹೇಳೋದೂ ನಾನೇ. ಅಳಿಯ ಬೇಕಂತ ಮಾಡ್ಲಿಲ್ಲ, ನಿಜ. ಆದ್ರೂ ಬೇಲಿ ಹಾರಿದ್ದು ಹಾರಿದ್ದೇ. ಒಂದು ಮೇಕೆ ಕೊಡ್ಲಿ. ಮತ್ತೆ ಇವರಿಬ್ರೂ ಒಂದು ಕಡೆ ಕೆಲ್ಸ ಮಾಡೋದು ಬೇಡ."

"ಮೇಕೆ ತಿನ್ನೋನು ನೀನೇ ತಾನೆ," ಎಂದಿತು ಹಿಂದಿನಿಂದ ಒಂದು ಹೆಂಗಸಿನ ದನಿ.

ಅವ್ವ ಬಟ್ಟೆ ಸರಿಸಿದಳು. "ಅಜ್ಜಿ, ಒಂದು ಮಾತು ಕೇಳ್ಲಾ?"

"ಕೇಳಮ್ಮಾ," ಅಂದಳು ಚಿಸೋಂಬ ಅಜ್ಜಿ.

"ಅತ್ತೆ ಅಳಿಯ ಮಾತಾಡೋದು ಯಾವಾಗ?"

"ಮೂವತ್ತೇಳು ವರ್ಷ ಪಾಠ ಹೇಳ್ದೋಳು, ನನ್ನ ಕೇಳ್ತೀಯಾ? ಮಗೂನ ತಂದು ಮಡಿಲಿಗೆ ಹಾಕ್ದಾಗ."

"ಇವತ್ತು ಹಾಕಿದ್ರಲ್ಲಾ."

ಹನ್ನೊಂದು ವರ್ಷದಿಂದ ನನ್ನೆದುರು ಮಗುವಿನ ಮಾತನ್ನು ಯಾರೂ ಆಡಿರಲಿಲ್ಲ. ಎಲ್ಲರೂ ತಮ್ಮ ಕಣ್ಣು ನನ್ನ ಮೇಲೆ ಬೀಳದಂತೆ ಎಚ್ಚರವಹಿಸುತ್ತಿರುವುದು ನನಗೆ ಗೊತ್ತಾಯಿತು. ನಾನು ನೆಲ ನೋಡುತ್ತಾ ಕೂತೆ. ತೊಡೆಯ ಮೇಲೆ ಆ ಮಗುವಿನ ಬಿಸಿ ಇನ್ನೂ ಇದ್ದಂತಿತ್ತು.

ಮಾವ ಮೆತ್ತಗಿನ ದನಿಯಲ್ಲಿ, "ಅಕ್ಕ, ಅದು ಅವನ ಮಗು ಅಲ್ವಲ್ಲ," ಅಂದ.

ಅಜ್ಜಿ ಕೈ ಎತ್ತಿ ಅವನನ್ನು ಕೂರಿಸಿದಳು. ಆಮೇಲೆ ಹೇಳಿದಳು. "ನಮ್ಮವ್ವ ಹೇಳ್ತಿದ್ಲು. ಅವಳ ಕಾಲದಲ್ಲಿ ಸರೋವರ ಉಕ್ಕಿದ ವರ್ಷ, ಒಬ್ಬ ಅಳಿಯ ಜೊಂಡಿನ ನಡುವೆ ಸಿಕ್ಕಿದ ಕೂಸನ್ನ ತಂದು ಅತ್ತೆ ಮಡಿಲಿಗೆ ಹಾಕಿದ್ನಂತೆ. ಯಾರ ಕೂಸೋ. ಹಿರಿಯರೆಲ್ಲ ಸೇರಿ ಅವನನ್ನ ಏನೂ ಕೇಳ್ಲಿಲ್ಲವಂತೆ. ಅತ್ತೇನ ಕೇಳಿದ್ರಂತೆ. ಹಾಕೋದು ಯಾರಾದ್ರೂ ಹಾಕ್ತಾರೆ. ತಗೊಳ್ಳೋದು ದೊಡ್ಡದು." ಅವಳು ತನ್ನ ನೆಟ್ಟಗಿನ ಕಣ್ಣನ್ನು ಅವ್ವನ ಕಡೆ ತಿರುಗಿಸಿದಳು. "ಎನಿಫಾ, ನೀನು ತಗೊಂಡ್ಯಾ?"

ಎಷ್ಟೋ ವರ್ಷದ ಮೇಲೆ ಅವ್ವನನ್ನು ಯಾರೋ ಹೆಸರು ಹಿಡಿದು ಕರೆದಿದ್ದರು.

"ತಗೊಂಡೆ ಅಜ್ಜಿ," ಅಂದಳು ಅವ್ವ.

"ಹಾಗಾದ್ರೆ ಮುಗೀತು. ಚಾಪೆ ಹಾಸಿ."

ಚಾಪೆ ಹಾಸಿದವಳು ನಾನೇ. ನಮ್ಮವರು ಎದ್ದು ಬಂದು ಅದರ ಒಂದು ತುದಿಯಲ್ಲಿ ಕೂತರು, ಅವ್ವ ಇನ್ನೊಂದು ತುದಿಯಲ್ಲಿ. ಇಬ್ಬರೂ ನಡುವಿನ ಜಾಗ ನೋಡುತ್ತಿದ್ದರು. ಉಳಿದಿದ್ದ ಗಂಜಿಯನ್ನು ಎರಡು ಬಟ್ಟಲಿಗೆ ಬಡಿಸಿ ಕೊಟ್ಟೆ. ಅತ್ತೆಯ ಎದುರು ನಮ್ಮವರು ಮೊದಲ ಗುಟುಕು ಕುಡಿದಾಗ ಹೆಂಗಸರು ಸಂತೋಷಕ್ಕೆ ನಾಲಗೆ ಹೊರಳಿಸಿ ಸಿಳ್ಳಿನಂಥ ಕೂಗು ಹಾಕಿದರು. ಮ್ಯಾಕ್ಸನ್ ಮಾವ, ಹಾಗಾದರೆ ಮೇಕೆ ಇಲ್ಲವೋ ಎಂದು ಪಕ್ಕದವನನ್ನು ಕೇಳುತ್ತಿದ್ದ.

ಮಿಸ್ ಚಿಸಾಲೆ ಮೆಲ್ಲಗೆ ಬಂದು, ಸಹಿ ಆಗಬಹುದಾ ಎಂದಳು. ನಮ್ಮವರು ಕಾಗದ ತೆಗೆದುಕೊಂಡು ಬಹಳ ಹೊತ್ತು ಬರೆದರು. ಅವ್ವ ಕೈಚಾಚಿ ಅದನ್ನು ಇಸಿದುಕೊಂಡು ಕಣ್ಣಿನ ಹತ್ತಿರ ಹಿಡಿದು ಓದಿದಳು. ಪಾಠ ಚೆನ್ನಾಗಿತ್ತು, ಆದರೆ ನಡುವೆ ನಿಂತಿದ್ದರಿಂದ ಕೊನೆತನಕ ನೋಡಲಾಗಲಿಲ್ಲ ಎಂದು ಬರೆದಿದ್ದರು.

ಕೂತವರಲ್ಲಿ ಗುಜುಗುಜು ಎದ್ದಿತು. ನನಗೂ ಒಳಗೊಳಗೆ ಸಿಟ್ಟು ಬಂತು. ಅವ್ವ ಮಾತ್ರ ಕಾಗದವನ್ನು ಹಾಗೇ ಹಿಂದಕ್ಕೆ ಕೊಟ್ಟಳು.

"ಸರಿಯಾಗಿ ಬರ್ದಿದೀರಿ. ನಾಳೆ ಬನ್ನಿ, ಮಂಗ ಹೋದ ಮೇಲಿನ ಪಾಠ ಇನ್ನೂ ಇದೆ. ಮರದ ಹಿಂದೆ ಬೇಡ. ಮುಂದೆ ಕೂತ್ಕೊಳ್ಳಿ."

ಮಿಸ್ ಚಿಸಾಲೆ ಆ ರಾತ್ರಿ ನಮ್ಮನೆಯಲ್ಲೇ ಉಳಿದಳು. ಮರುದಿನ ನಮ್ಮವರು ಮೊದಲ ಸಾಲಿನಲ್ಲಿ, ಮಕ್ಕಳ ನಡುವೆ ನೆಲದ ಮೇಲೆ ಕೂತರು. ಉಳಿದ ಏಳು ಮಾವಿನ ಹಣ್ಣಿನ ಕತೆ ಕೊನೆತನಕ ನಡೆಯಿತು. ಅವ್ವ ಒಂದು ಪ್ರಶ್ನೆ ಅವರನ್ನೂ ಕೇಳಿದಳು. ಅವರು ಎದ್ದು ನಿಂತು ಉತ್ತರ ಹೇಳಿದರು. ಆಮೇಲೆ ಇಬ್ಬರೂ ಸಹಿ ಹಾಕಿದರು.

ತಿಯಮಿಕೆ ಮುಂದಿನ ವಾರ ಶಾಲೆಗೆ ಬಂದಳು. ಈಗಲೂ ಗಂಜಿಯ ಹೊತ್ತಿಗೆ ಬಟ್ಟಲು ಹಿಡಿದು ಬಂದರೆ ಸಾಲಿನಲ್ಲಿ ನಿಲ್ಲುವುದಿಲ್ಲ. ನೇರ ಬಂದು ನನ್ನ ತೊಡೆಗೆ ಒರಗಿ ಕೂರುತ್ತಾಳೆ. ಉಳಿದ ಮಕ್ಕಳು ದೂರು ಹೇಳುತ್ತವೆ. ನಾನು ಕೇಳಿಸದವಳಂತೆ ಸೌಟು ತಿರುವುತ್ತೇನೆ.

ಸಹಿಯಾದ ವಾರದ ಶುಕ್ರವಾರ ಸಂಜೆ ಅವ್ವ ಅಂಗಳದಲ್ಲಿ ಕೂತಿದ್ದಳು. ನಮ್ಮವರು ಸೈಕಲ್ ನಿಲ್ಲಿಸಿ, ರೂಢಿಯಂತೆ ಪಕ್ಕಕ್ಕೆ ಸರಿಯಲು ಹೋಗಿ, ನಿಂತರು.

"ಅಳಿಯಂದಿರೇ," ಅಂದಳು ಅವ್ವ. "ನೀವು ಹೊದಿಸಿದ ಹುಲ್ಲು ಬಹಳ ಚೆನ್ನಾಗಿದೆ."

"ಸಂತೋಷ, ಅತ್ತೆ."

"ಮೂಡಲ ಮೂಲೆ ಮಾತ್ರ ಸೋರ್ತದೆ. ಆರು ವರ್ಷ ಆಯ್ತು."

ನಮ್ಮವರು ಮಾಡು ನೋಡಿದರು. "ಆರು ವರ್ಷ? ಮುಂಚೆನೇ ಹೇಳ್ಬಾರ್ದಿತ್ತಾ?"

"ಯಾರಿಗೆ? ಕೋಳಿಗಾ?"

ಶನಿವಾರ ಬೆಳಿಗ್ಗೆ ಅವರು ಮಾಡಿನ ಮೇಲಿದ್ದರು. ಅವ್ವ ಕೆಳಗೆ ನಿಂತು ಕೋಲು ತೋರಿಸುತ್ತಾ, ಎಡಕ್ಕೆ, ಇನ್ನೂ ಎಡಕ್ಕೆ, ಅದು ಎಡವಾ ಎಂದು ಕೇಳುತ್ತಿದ್ದಳು. ಅವರು ಮೇಲಿನಿಂದ, ಹೌದು ಮೇಡಂ, ಇಲ್ಲ ಮೇಡಂ ಎನ್ನುತ್ತಿದ್ದರು. ನಾನು ಹುಲ್ಲಿನ ಕಂತೆಗಳನ್ನು ಒಂದೊಂದಾಗಿ ಎತ್ತಿ ಕೊಡುತ್ತಿದ್ದೆ. ಸರೋವರದ ಮೇಲೆ ಮೋಡ ಕಪ್ಪಾಗುತ್ತಿತ್ತು. ಒಳಗಿನ ಮಡಕೆಯನ್ನು ತೆಗೆಯಲು ಹೋದರೆ ಅವ್ವ ಬಿಡಲಿಲ್ಲ.

"ಇರ್ಲಿ ಬಿಡೇ. ತಲೆಗೂದಲಿಗೆ ಒಳ್ಳೇದು," ಅಂದಳು. ಆಮೇಲೆ ತಾನೇ ಅದನ್ನು ಎತ್ತಿ ಹೊರಗೆ, ಮಳೆ ಬೀಳುವಲ್ಲಿ, ಇಟ್ಟಳು.